ಊಟದಲ್ಲಿ ಸದಾಚಾರ



ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ವಿಶೇಷವಾದ ಸ್ಥಾನವುಂಟು. ಹೊಲದಲ್ಲಿ ಬೆಳೆದದ್ದು, ಅಂಗಡಿಯಿಂದ ತಂದದ್ದು, ಒಲೆಯ ಮೇಲೆ ಬೆಂದದ್ದು ಇವೆಲ್ಲ ಬರೀ ಪದಾರ್ಥಗಳು. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದೇ ಪದಾರ್ಥ ಪ್ರಸಾದವಾಗುತ್ತದೆ. ಅರ್ಪಿಸದೆ ಉಣ್ಣಬಾರದು, ಅರ್ಪಿಸಿ ಪಡೆದದ್ದನ್ನು ಚೆಲ್ಲಬಾರದು ಎಂಬುದು ನಮ್ಮ ಹಿರಿಯರು ಹಾಕಿಕೊಟ್ಟ ನಿಯಮ. ಈ ನಿಯಮದ ಒಳಗೆ ಒಂದು ದೊಡ್ಡ ವಿಚಾರವಿದೆ. ಅರ್ಪಿಸುವ ಮುನ್ನ ಭಕ್ತನು ತನ್ನನ್ನು ತಾನೇ ಕೇಳಿಕೊಳ್ಳಬೇಕಾಗುತ್ತದೆ. ಈ ಪದಾರ್ಥ ಅರ್ಪಣೆಗೆ ಯೋಗ್ಯವೇ? ಇದು ಎಲ್ಲಿಂದ ಬಂತು? ಇದಕ್ಕಾಗಿ ಯಾವ ಜೀವಕ್ಕೆ ನೋವಾಯಿತು? ಎಷ್ಟು ನೀರು ಹರಿಯಿತು? ಬೆಳೆದವನಿಗೆ ಅವನ ಬೆವರಿನ ಬೆಲೆ ಸಿಕ್ಕಿತೇ? ಇಷ್ಟು ಪ್ರಶ್ನೆಗಳನ್ನು ಕೇಳಿಕೊಂಡು ಉಣ್ಣುವವನ ಊಟವೇ ಸದಾಚಾರದ ಊಟ.

ಈಚಿನ ದಿನಗಳಲ್ಲಿ ನಮ್ಮ ಮಠಕ್ಕೆ ಎರಡು ಬಗೆಯ ಜನ ಬಂದು ಊಟದ ವಿಷಯ ಎತ್ತುತ್ತಾರೆ. ಒಂದು ಕಡೆ ಪಟ್ಟಣದಲ್ಲಿ ಓದಿ ನೌಕರಿ ಹಿಡಿದ ತರುಣರು. ಸಸ್ಯಾಹಾರಕ್ಕೆ ಬರಬೇಕು, ಭೂಮಿಗೆ ಭಾರವಾಗದಂತೆ ಬದುಕಬೇಕು, ಎಲ್ಲಿಂದ ಆರಂಭಿಸಲಿ ಎಂದು ಅವರು ಕೇಳುತ್ತಾರೆ. ಇನ್ನೊಂದು ಕಡೆ ಹಳ್ಳಿಯ ಹಿರಿಯರು. ನಾವು ಹುಟ್ಟಿದಾಗಿನಿಂದ ಸಸ್ಯಾಹಾರಿಗಳು, ನಮಗೆ ಇದರಲ್ಲಿ ಕಲಿಯುವುದೇನಿದೆ ಎಂಬುದು ಇವರ ಮಾತು. ಮೊದಲಿನವರಿಗೆ ಮನಸ್ಸಿದೆ, ದಾರಿ ಗೊತ್ತಿಲ್ಲ. ಎರಡನೆಯವರಿಗೆ ದಾರಿ ಗೊತ್ತಿದೆ, ಆದರೆ ಆ ದಾರಿಯನ್ನು ತಾವೇ ಬಿಡುತ್ತಿದ್ದೇವೆಂಬ ಅರಿವಿಲ್ಲ. ಆದ್ದರಿಂದ ಇಬ್ಬರಿಗೂ ಸೇರಿ ಈ ವಾರ ನಾಲ್ಕು ಮಾತು ಹೇಳಬಯಸುತ್ತೇವೆ.

ಮಾಂಸ ಬಿಟ್ಟರೆ ಸಾಕೇ?

ನಮ್ಮ ಮನೆಯಲ್ಲಿ ಮಾಂಸವಿಲ್ಲ, ಆದ್ದರಿಂದ ನಮ್ಮ ಊಟ ಶುದ್ಧ ಎಂದು ಹೇಳಿ ಕುಳಿತರೆ ಸಾಲದು. ಇಂದಿನ ಅನೇಕ ಸಸ್ಯಾಹಾರಿ ಮನೆಗಳ ತಾಟನ್ನು ನೋಡಿರಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಅನ್ನ, ಮೈದಾದ ತಿನಿಸು, ದೂರದೇಶದಿಂದ ಹಡಗಿನಲ್ಲಿ ಬಂದ ತಾಳೆ ಎಣ್ಣೆ, ದಿನಕ್ಕೆ ನಾಲ್ಕು ಸಲ ಸಕ್ಕರೆ ಸುರಿದ ಚಹಾ, ಮಕ್ಕಳ ಕೈಯಲ್ಲಿ ಪೊಟ್ಟಣದ ಕುರುಕಲು. ಇದರಲ್ಲಿ ಮಾಂಸವಿಲ್ಲ ನಿಜ. ಕಾಳು ಎಷ್ಟಿದೆ? ಸೊಪ್ಪು ಎಷ್ಟಿದೆ? ನಮ್ಮ ಹೊಲದ್ದು ಎಷ್ಟಿದೆ? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿತು. ಅವರಲ್ಲಿ ಸಸ್ಯಾಹಾರಿಗಳು ಕಡಿಮೆಯೇನೂ ಇಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ನಮ್ಮ ಹಿರಿಯರು. ಅವರು ಹೇಳಿದ್ದು ಊಟ ಬಲ್ಲವನಿಗೆ. ಬರೀ ಒಂದು ಪದಾರ್ಥ ಬಿಟ್ಟವನಿಗಲ್ಲ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಮಾಂಸ ಉಣ್ಣುವ ಮನೆಯಲ್ಲಿ ಹುಟ್ಟಿದವರನ್ನು ಕೀಳಾಗಿ ಕಾಣುವುದು ಸದಾಚಾರವಲ್ಲ. ಪ್ರಾಣಿಯ ಮೇಲೆ ದಯೆ ತೋರಿ ಮನುಷ್ಯನ ಮೇಲೆ ತಿರಸ್ಕಾರ ತೋರುವವನ ದಯೆ ಅರ್ಧ ದಯೆ. ಯಾವ ಮನೆಯಿಂದ ಬಂದವರಾದರೂ ಸರಿ, ಒಂದು ಹೊತ್ತಿನ ಊಟವನ್ನು ಸಸ್ಯಾಹಾರಕ್ಕೆ ತಿರುಗಿಸಿಕೊಂಡೆನೆಂದು ಹೇಳಿದರೆ ಅವರಿಗೆ ನಮ್ಮ ಆಶೀರ್ವಾದವುಂಟು.

ಜೋಳ ಹೋದರೆ ಏನೇನು ಹೋಗುತ್ತದೆ?

ನಮ್ಮ ಬಯಲುಸೀಮೆಯ ಎರೆಭೂಮಿಗೆ ಬಿಳಿಜೋಳ ಹೇಳಿಮಾಡಿಸಿದ ಬೆಳೆ. ಮಳೆಗಾಲ ಮುಗಿದ ಮೇಲೆ ಬಿತ್ತಿದರೆ ಎರೆಯು ತನ್ನೊಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಅದು ತೆನೆಗಟ್ಟುತ್ತದೆ. ಜೋಳದ ಬೆಳೆಗೆ ಬಿತ್ತನೆಯಿಂದ ಕೊಯ್ಲಿನವರೆಗೆ ಸುಮಾರು 450ರಿಂದ 650 ಮಿಲಿಮೀಟರ್ ನೀರು ಸಾಕು. ಕಬ್ಬಿಗೆ 1,500ರಿಂದ 2,500 ಮಿಲಿಮೀಟರ್ ಬೇಕು. ಒಂದು ಕಿಲೋ ಅಕ್ಕಿ ಬೆಳೆಯಲು ಸರಾಸರಿ ಎರಡೂವರೆ ಸಾವಿರ ಲೀಟರಿನಷ್ಟು ನೀರು ತಗಲುತ್ತದೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ಕೆರೆಯ ನೀರು, ನದಿಯ ನೀರು ಇರುವಲ್ಲಿ ಭತ್ತವೂ ಬೆಳೆಯಲಿ. ಬೋರ್‌ವೆಲ್ ಒಂದನ್ನೇ ನಂಬಿದ ಊರಿನಲ್ಲಿ ಇಂಥ ಬೆಳೆ ಬೆಳೆದರೆ ಅದು ಮೊಮ್ಮಕ್ಕಳ ನೀರನ್ನು ಇಂದೇ ಕುಡಿದಂತೆ.

ಜೋಳ ಬಿತ್ತುವುದು ನಿಂತಾಗ ನಿಲ್ಲುವುದು ಜೋಳವೊಂದೇ ಅಲ್ಲ. ಜೋಳದೊಡನೆ ಕಣಕಿ ಹೋಗುತ್ತದೆ. ಕಣಕಿ ಇಲ್ಲದ ಮನೆಯಲ್ಲಿ ಎತ್ತು, ಆಕಳು ನಿಲ್ಲುವುದಿಲ್ಲ, ಸಂತೆಗೆ ಹೋಗುತ್ತವೆ. ದನ ಹೋದಮೇಲೆ ತಿಪ್ಪೆ ಬರಿದಾಗುತ್ತದೆ. ತಿಪ್ಪೆಗೊಬ್ಬರ ಕಾಣದ ಭೂಮಿಗೆ ವರ್ಷವರ್ಷವೂ ಹೆಚ್ಚು ಹೆಚ್ಚು ರಾಸಾಯನಿಕ ಗೊಬ್ಬರ ಹಾಕಬೇಕಾಗುತ್ತದೆ. ಗೊಬ್ಬರಕ್ಕೆ ಸಾಲ, ಬೋರ್‌ವೆಲ್ಲಿಗೆ ಸಾಲ. ಒಂದು ರೊಟ್ಟಿಯನ್ನು ತಾಟಿನಿಂದ ಸರಿಸಿದ್ದರ ಹಿಂದೆ ಇಷ್ಟು ದೊಡ್ಡ ಸರಪಳಿಯಿದೆ.

ಇದಕ್ಕೆ ರೈತನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಕಬ್ಬಿಗೆ ಕಾರ್ಖಾನೆಯಿದೆ, ಬೆಲೆಯ ಭರವಸೆಯಿದೆ. ಜೋಳಕ್ಕೆ ಕೊಯ್ಲು, ಮುರಿಯುವುದು, ಒಕ್ಕಣೆ ಎಂದು ಕೂಲಿಯ ಖರ್ಚು ಹೆಚ್ಚು. ಪೇಟೆಯಲ್ಲಿ ಕೇಳುವವರು ಕಡಿಮೆ. ನಮ್ಮ ಭಕ್ತರೊಬ್ಬರು, ಎಪ್ಪತ್ತು ದಾಟಿದ ಗೌಡರು, ಒಮ್ಮೆ ನಮ್ಮೆದುರು ಕುಳಿತು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. “ಅಪ್ಪಾರೆ, ಮಗ ನಾಕನೇ ಬೋರ್ ಹೊಡಸ್ತೀನಿ ಅಂತಾನ. ಮೂರು ಒಣಗ್ಯಾವ. ಜ್ವಾಳಾ ಬಿತ್ತೂಣು ಅಂದ್ರ, ‘ಬಿತ್ತಿದ್ರ ತಿನ್ನಾವ್ರು ಯಾರು? ನಮ್ಮ ಮನ್ಯಾಗ ರೊಟ್ಟಿ ಬಡಿಯೂದ ನಿಂತೈತಿ’ ಅಂತಾನ. ಏನ್ ಹೇಳ್ಲಿ?” ಎಂದರು. ಮಗನ ಮಾತಿನಲ್ಲಿ ಸತ್ಯವಿತ್ತು. ನಾವು ಗೌಡರಿಗೆ, “ಮಗನಿಗೆ ಬುದ್ಧಿ ಹೇಳುವುದು ಆಮೇಲೆ. ಮೊದಲು ನಿಮ್ಮ ಮನೆಯಲ್ಲಿ ಒಂದು ಹೊತ್ತು ರೊಟ್ಟಿ ಆಗಲಿ. ತಿನ್ನುವವರಿದ್ದರೆ ಬಿತ್ತುವವನು ಹುಟ್ಟುತ್ತಾನೆ” ಎಂದು ಹೇಳಿ ಕಳಿಸಿದೆವು. ಆ ವರ್ಷ ಅವರ ಮನೆಯಲ್ಲಿ ನಾಲ್ಕನೆಯ ಬೋರ್‌ವೆಲ್ ತೋಡಿಸಲಿಲ್ಲ. ಎರಡೆಕರೆಯಲ್ಲಿ ಮಾಲದಂಡಿ ಜೋಳ ನಿಂತಿತು, ಬದುವಿನ ಸುತ್ತ ಕುಸುಬಿ ನಿಂತಿತು. ಉಳಿದ ಹೊಲದ ಚಿಂತೆ ಅವರಿಗೆ ಇನ್ನೂ ಇದೆ. ಒಂದು ರೊಟ್ಟಿಯಿಂದ ಎಲ್ಲವೂ ಸರಿಹೋಗುವುದೆಂದು ನಾವು ಹೇಳುವುದಿಲ್ಲ. ಆರಂಭ ಅಲ್ಲಿಂದ ಆಗುತ್ತದೆಂದು ಮಾತ್ರ ಹೇಳುತ್ತೇವೆ.

ತಾಟಿನಲ್ಲಿ ಏನಿರಬೇಕು?

ಸಸ್ಯಾಹಾರದಿಂದ ಶಕ್ತಿ ಬರುವುದಿಲ್ಲವೆಂಬ ಅಂಜಿಕೆ ತರುಣರಲ್ಲಿದೆ. ಎತ್ತಿನ ಹಿಂದೆ ದಿನವಿಡೀ ನಡೆದ ನಮ್ಮ ಹಿರಿಯರು ಏನು ಉಂಡರೆಂದು ನೋಡಿದರೆ ಈ ಅಂಜಿಕೆ ಹೋಗುತ್ತದೆ. ಜೋಳದ ರೊಟ್ಟಿ, ಅದರೊಡನೆ ಮಡಕಿ, ಹೆಸರು, ಅಲಸಂದಿ, ಕಡಲೆ ಇವುಗಳಲ್ಲಿ ಒಂದು ಕಾಳಿನ ಪಲ್ಯ, ಪುಂಡಿಪಲ್ಯವೋ ಮೆಂತ್ಯೆಯೋ ಒಂದು ಸೊಪ್ಪು, ಗುರೆಳ್ಳು ಇಲ್ಲವೆ ಅಗಸಿಯ ಚಟ್ನಿಪುಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಈ ಜೋಡಣೆ ಸುಮ್ಮನೆ ಆದದ್ದಲ್ಲ. ಜೋಳ, ರಾಗಿ, ಅಕ್ಕಿಗಳ ಪ್ರೋಟೀನಿನಲ್ಲಿ ಯಾವ ಅಂಶ ಕಡಿಮೆಯೋ ಆ ಅಂಶ ಬೇಳೆಕಾಳುಗಳಲ್ಲಿ ಹೇರಳವಾಗಿದೆ. ಕಾಳಿನಲ್ಲಿ ಕಡಿಮೆಯಾದದ್ದು ಧಾನ್ಯದಲ್ಲಿದೆ. ಎರಡೂ ಕೂಡಿದಾಗ ಶರೀರಕ್ಕೆ ಪೂರ್ಣ ಪುಷ್ಟಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ತೊಗರಿ ಮತ್ತು ಹುರುಳಿಯಲ್ಲಿ 20 ಗ್ರಾಮಿಗೂ ಹೆಚ್ಚು, ಶೇಂಗಾದಲ್ಲಿ 25 ಗ್ರಾಮಿನಷ್ಟು ಪ್ರೋಟೀನು ಇದೆ. ದಕ್ಷಿಣದ ಜಿಲ್ಲೆಗಳ ರಾಗಿಯನ್ನು ತೆಗೆದುಕೊಂಡರೆ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿನಲ್ಲಿರುವುದು ಅದರ ಮೂರನೆಯ ಒಂದು ಭಾಗದಷ್ಟು.

ತಾಟಿನಲ್ಲಿ ಕೂಡಿದ್ದು ಹೊಲದಲ್ಲಿಯೂ ಕೂಡಿಯೇ ಬೆಳೆಯುತ್ತಿತ್ತು. ಅದಕ್ಕೆ ನಮ್ಮವರು ಅಕ್ಕಡಿ ಎಂದು ಹೆಸರಿಟ್ಟರು. ಕೆಲವು ಸಾಲು ಜೋಳ, ನಡುವೆ ಒಂದು ಸಾಲು ತೊಗರಿಯೋ ಅಲಸಂದಿಯೋ. ದ್ವಿದಳ ಕಾಳಿನ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಗೊಬ್ಬರದ ಒಂದು ಚೀಲ ಹೀಗೆ ಪುಕ್ಕಟೆಯಾಗಿ ನೆಲದಲ್ಲಿಯೇ ತಯಾರಾಗುತ್ತದೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆಯು ಭಾರತದ ಸಲಹೆಯಂತೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಲೋಕವೆಲ್ಲ ಕೊಂಡಾಡುವ ಧಾನ್ಯವನ್ನು ನಮ್ಮ ಹೊಲದಲ್ಲಿ ನಾವೇ ಮರೆತರೆ ಹೇಗೆ?

ಹಾಲಿನ ವಿಷಯ

ಪೂರ್ಣ ಸಸ್ಯಾಹಾರವೆಂದರೆ ಹಾಲು, ತುಪ್ಪವನ್ನೂ ಬಿಡಬೇಕೆಂದು ಈಗ ಕೆಲವರು ವ್ರತ ಹಿಡಿಯುತ್ತಾರೆ. ನಮ್ಮ ಪರಂಪರೆಯಲ್ಲಿ ಹಾಲು, ಮೊಸರು, ತುಪ್ಪಗಳಿಗೆ ಪೂಜೆಯಲ್ಲಿಯೂ ಊಟದಲ್ಲಿಯೂ ಸ್ಥಾನವಿದೆ. ಅದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಆದರೆ ಕರುವಿನ ಪಾಲು ಕರುವಿಗೆ ಮೊದಲು ಸಲ್ಲಬೇಕು. ಬತ್ತಿದ ಆಕಳನ್ನು ಹೊರೆಯೆಂದು ಹೊರಗಟ್ಟುವ ಮನೆಯ ತುಪ್ಪ ಲಿಂಗಕ್ಕೆ ಸಲ್ಲುವ ತುಪ್ಪವೇ ಎಂದು ಆ ಮನೆಯವರೇ ಯೋಚಿಸಲಿ. ದಯೆಯ ಕಾರಣದಿಂದ ಹಾಲು ಬಿಡುವವರನ್ನು ನಾವು ಗೌರವಿಸುತ್ತೇವೆ. ಅವರಿಗೆ ಒಂದೇ ಎಚ್ಚರಿಕೆ ಹೇಳಬೇಕು. ಬಿ-12 ಎಂಬ ಜೀವಸತ್ವವು ಕಾಳು, ಸೊಪ್ಪು, ಧಾನ್ಯಗಳಲ್ಲಿ ದೊರೆಯುವುದಿಲ್ಲ. ಹಾಲು, ಮೊಸರು ಬಿಟ್ಟವರು ವೈದ್ಯರನ್ನು ಕಂಡು ಅದನ್ನು ಗುಳಿಗೆಯ ರೂಪದಲ್ಲಿ ತೆಗೆದುಕೊಳ್ಳಲೇಬೇಕು. ಹಾಲು ಕುಡಿಯುವ ಹಿರಿಯರಲ್ಲಿಯೂ ವಯಸ್ಸಾದಂತೆ ಇದು ಕಡಿಮೆಯಾಗುವುದುಂಟು. ಕೈಕಾಲು ಜೋಮು ಹಿಡಿಯುವುದು, ನಿಶ್ಶಕ್ತಿ, ಮರೆವು ಕಂಡರೆ ಮುಪ್ಪಿನ ಗುಣವೆಂದು ಸುಮ್ಮನಿರದೆ ರಕ್ತಪರೀಕ್ಷೆ ಮಾಡಿಸಿರಿ.

ಆರಂಭ ಹೇಗೆ?

ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸಹೊರಟವನು ಎಂಟನೆಯ ದಿನಕ್ಕೆ ಎಲ್ಲವನ್ನೂ ಬಿಡುತ್ತಾನೆ. ವ್ರತ ಸಣ್ಣದಿರಲಿ, ನಿತ್ಯವಿರಲಿ.

ಮೊದಲನೆಯದಾಗಿ, ದಿನಕ್ಕೆ ಒಂದು ಹೊತ್ತು ರೊಟ್ಟಿ ಇಲ್ಲವೆ ಮುದ್ದೆ. ಅದರೊಡನೆ ಮನೆಯ ಒಬ್ಬೊಬ್ಬರಿಗೆ ಒಂದು ಹಿಡಿ ಕಾಳು. ಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಹೊಟ್ಟೆಗೆ ಹಗುರ. ರೂಢಿಯಿಲ್ಲದವರು ಮೊದಲ ವಾರ ಅರ್ಧ ಹಿಡಿಯಿಂದ ತೊಡಗಲಿ. ಸಕ್ಕರೆ ಕಾಯಿಲೆಯವರು ಜೋಳವೆಂದು ಲೆಕ್ಕವಿಲ್ಲದೆ ಉಣ್ಣಬಾರದು. ಮೂತ್ರಪಿಂಡದ ತೊಂದರೆಯಿದ್ದವರು ಕಾಳು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಎರಡನೆಯದಾಗಿ, ದಿನಕ್ಕೊಂದು ಸೊಪ್ಪು. ಹೊಲದಲ್ಲಿ ತಾನಾಗಿ ಬರುವ ಹಕ್ಕರಿಕೆ, ಎಳೆಯ ಕುಸುಬಿ, ಹಿತ್ತಲಿನ ನುಗ್ಗೆ ಇವಕ್ಕೆ ರೊಕ್ಕ ಕೊಡಬೇಕಾಗಿಲ್ಲ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರೊಳಗಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತಬೇಕಾದದ್ದೂ ಹತ್ತುವುದಿಲ್ಲ. ಬಾಣಂತಿಯರು, ಬೆಳೆಯುವ ಹೆಣ್ಣುಮಕ್ಕಳು ಇರುವ ಮನೆಯವರು ಈ ಮಾತನ್ನು ಮರೆಯಬಾರದು.

ಮೂರನೆಯದಾಗಿ, ಎಣ್ಣೆ. ನಮ್ಮ ದೇಶವು ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತಿದೆ. ನಮ್ಮ ಎರೆಯಲ್ಲಿ ಶೇಂಗಾ ಇದೆ, ಕುಸುಬಿ ಇದೆ. ಊರಿನ ಗಾಣದಲ್ಲಿ ಆಡಿಸಿ ತಂದ ಎಣ್ಣೆಯನ್ನು ಹಿತವಾಗಿ ಬಳಸಿದರೆ ಖರ್ಚೂ ಮಿತಿಯಲ್ಲಿರುತ್ತದೆ. ಗಾಣದ ಹಿಂಡಿ ದನಕ್ಕಾಗುತ್ತದೆ.

ನಾಲ್ಕನೆಯದಾಗಿ, ಮನೆಯ ಹಿಂದೆ ನಾಲ್ಕು ಹೆಜ್ಜೆ ನೆಲವಿದ್ದರೂ ಹಿತ್ತಲು ಮಾಡಿರಿ. ಬಚ್ಚಲ ನೀರು ಬಾಳೆಗೆ, ನುಗ್ಗೆಗೆ ಹರಿಯಲಿ. ಕಾಯಿಪಲ್ಯದ ಸಿಪ್ಪೆ ತಿಪ್ಪೆಗೆ ಹೋಗಲಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಸೆದ ಅನ್ನ ಕೊಳೆತು ನಾರುತ್ತದೆ. ಅದನ್ನು ತಿನ್ನಹೋದ ದನ ಪ್ಲಾಸ್ಟಿಕ್ಕನ್ನೂ ನುಂಗಿ ಸಾಯುತ್ತದೆ. ಗೋಪೂಜೆ ಮಾಡುವ ಊರಿನಲ್ಲಿ ಇದು ನಡೆಯಬಾರದು.

ಐದನೆಯದಾಗಿ, ಬೀಜ. ಒಳ್ಳೆಯ ತೆನೆಯನ್ನು ಆರಿಸಿ, ಒಣಗಿಸಿ, ಬೂದಿ ಮತ್ತು ಬೇವಿನ ಎಲೆ ಬೆರೆಸಿ ಗಡಿಗೆಯಲ್ಲಿ ಇಡುವ ಪದ್ಧತಿ ಅನೇಕ ಅಜ್ಜಿಯರಿಗೆ ಇಂದಿಗೂ ಗೊತ್ತು. ಊರಿನ ಹಗೇವುಗಳಲ್ಲಿ ವರ್ಷಗಟ್ಟಲೆ ಜೋಳ ಕೆಡದೆ ಇರುತ್ತಿತ್ತು. ಹಗೇವು ಮುಚ್ಚಿಹೋದವು. ಬೀಜದ ಗಡಿಗೆಯಾದರೂ ಉಳಿಯಲಿ.

ಹೆಚ್ಚಿನದನ್ನು ಹಿಂದಿರುಗಿಸಿದ ತಾಯಿ

ಹಿತಮಿತದ ಬದುಕಿಗೆ ಹೊಸ ಗ್ರಂಥ ಹುಡುಕಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಆಕೆಯ ಪತಿ ಮಾರಯ್ಯ ಶರಣರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ಇಂದಿನ ದಾಸೋಹಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಬಡತನದ ಮನೆಯ ಹೆಣ್ಣುಮಗಳು ಹೆಚ್ಚಾದದ್ದನ್ನು ಹಿಂದಿರುಗಿಸಿದಳು. ಉಳ್ಳವರಾದ ನಾವು ಮದುವೆಯ ಊಟದಲ್ಲಿ ಎಲೆಯ ಮೇಲೆ ಬಡಿಸಿಕೊಂಡು ಅರ್ಧ ಬಿಟ್ಟು ಏಳುತ್ತೇವೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟುವುದನ್ನೇ ಶಿವಯೋಗದ ಕಾಯಕವಾಗಿ ಮಾಡಿದರು. ಅವರ ಹೆಸರು ಹೇಳುವ ನಮ್ಮ ಊರುಗಳಲ್ಲಿ ಕೆರೆಯಂಗಳ ಒತ್ತುವರಿಯಾಗುತ್ತಿದ್ದರೆ ಅವರಿಗೆ ನಾವು ಹಾಕುವ ಹೂವಿನ ಹಾರಕ್ಕೆ ಏನರ್ಥ?

ಮಠಗಳ ದಾಸೋಹದಲ್ಲಿ ಈ ಪಾಠ ಇಂದಿಗೂ ಜೀವಂತವಿದೆ. ಸಿದ್ಧಗಂಗೆಯಲ್ಲಿ ನಿತ್ಯವೂ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ರೊಟ್ಟಿ ಬಡಿದು ಟ್ರ್ಯಾಕ್ಟರುಗಳಲ್ಲಿ ಕಳಿಸುತ್ತಾರೆ. ಅದರ ಎಣಿಕೆ ಲಕ್ಷಗಳಲ್ಲಿ. ಒಣರೊಟ್ಟಿ ದಿನಗಟ್ಟಲೆ ಕೆಡುವುದಿಲ್ಲ, ಆದ್ದರಿಂದ ಚೆಲ್ಲುವ ಮಾತೂ ಇಲ್ಲ. ಊರಜಾತ್ರೆ, ಮದುವೆ, ಶಿವಗಣಾರಾಧನೆಗಳನ್ನು ಮಾಡುವ ಹಿರಿಯರು ಮುತ್ತುಗದ ಪತ್ರಾವಳಿ, ಬಾಳೆಯೆಲೆ, ತೊಳೆದು ಬಳಸುವ ತಾಟುಗಳಿಗೆ ಮರಳಬೇಕು. ನಮ್ಮ ರಾಜ್ಯದಲ್ಲಿ 2016ರಲ್ಲಿಯೂ, ದೇಶದಾದ್ಯಂತ 2022ರ ಜುಲೈನಿಂದಲೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಾಟು, ಲೋಟಗಳಿಗೆ ನಿಷೇಧ ಬಂದಿದೆ. ಕಾನೂನಿಗೆ ಅಂಜಿ ಬಿಡುವುದಕ್ಕಿಂತ ಧರ್ಮವೆಂದು ಬಿಡುವುದು ಮೇಲು.

ಹಿರಿಯರಿಗೆ ಒಂದು ಮಾತು

ಹೋದ ಎಳ್ಳಮಾವಾಸ್ಯೆಯ ಹೊತ್ತಿನಲ್ಲಿ ಮಠಕ್ಕೆ ಬಂದ ಒಬ್ಬ ತಾಯಿ ಹೀಗೆಂದರು: “ಅಪ್ಪಾರೆ, ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗಿ ಎಲ್ಲಾ ಮಾಡಿ ಚರಗಾ ಚೆಲ್ಲಿ ಬಂದೀನ್ರಿ. ನನ್ನ ಸೊಸಿಗೆ ರೊಟ್ಟಿ ಬಡಿಯಾಕ ಬರೂದಿಲ್ಲ. ಈ ಕೈ ಇರೂತನಕ ಅಷ್ಟ.” ಆ ಮಾತು ಕೇಳಿ ನಮಗೆ ವ್ಯಥೆಯಾಯಿತು. ಚರಗವೆಂದರೇನು? ಬೆಳೆದ ಭೂತಾಯಿಗೆ, ಹಕ್ಕಿಪಕ್ಷಿಗೆ, ಹುಳಹುಪ್ಪಡಿಗೆ ಮೊದಲು ಉಣಿಸಿ ಆಮೇಲೆ ನಾವು ಉಣ್ಣುವುದು. ಭೂಮಿಯೊಡನೆ ಬದುಕುವುದನ್ನು ಇದಕ್ಕಿಂತ ಸರಳವಾಗಿ ಕಲಿಸುವ ಪಾಠಶಾಲೆ ಇನ್ನೊಂದಿಲ್ಲ. ಆ ತಾಯಿಗೆ ನಾವು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ. ಸೊಸೆಗೆ ಬರುವುದಿಲ್ಲವೆಂದು ದೂರಬೇಡಿರಿ, ಕೂಡಿಸಿಕೊಂಡು ಕಲಿಸಿರಿ. ಮೊಮ್ಮಗಳಿಗೊಬ್ಬಳಿಗೇ ಅಲ್ಲ, ಮೊಮ್ಮಗನಿಗೂ ಕಲಿಸಿರಿ. ಉಣ್ಣುವ ಕೈಗೆ ಬಡಿಯುವುದೂ ಗೊತ್ತಿರಬೇಕು. ಮೊದಲ ರೊಟ್ಟಿ ಹರಿದೀತು, ಹತ್ತನೆಯದು ದುಂಡಗಾದೀತು.

ಪಟ್ಟಣದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ಅವರ ಚೀಲದಲ್ಲಿ ಎರಡು ಸೇರು ಜೋಳದ ಹಿಟ್ಟು, ಒಂದು ಸೇರು ಮಡಕಿ, ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ ಇಡಿರಿ. ಅವರು ಅಲ್ಲಿ ಅಂಗಡಿಯಲ್ಲಿ ಕೊಳ್ಳುವಾಗ ಬೆಳೆದ ರೈತನಿಗೆ ಸಲ್ಲುವಂತೆ ನೋಡಿ ಕೊಳ್ಳಲಿ. ಬರುವ ಸೋಮವಾರ ಶಿವಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಾಗ ನಿಮ್ಮ ತಾಟಿನಲ್ಲಿ ಒಂದು ರೊಟ್ಟಿ, ಒಂದು ಕಾಳು, ಒಂದು ಸೊಪ್ಪು ಇರಲಿ. ಎದ್ದಾಗ ತಾಟಿನಲ್ಲಿ ಏನೂ ಉಳಿಯದಿರಲಿ. ನಿಮ್ಮ ಹೊಲಕ್ಕೆ ಹಸಿ, ಬಾವಿಗೆ ನೀರು, ಮನೆಯವರಿಗೆ ಆರೋಗ್ಯ ಲಭಿಸಲೆಂದು ಹಾರೈಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.